ಕಾವು ಬಿಟ್ಟೇಳುವ ಇಪ್ಪತ್ತು ನಿಮಿಷ

ಶಿವರಾತ್ರಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ತುಮಕೂರು, ಕೋಲಾರ, ಮಂಡ್ಯದ ಕಡೆಯ ಎರಡು ಮೂರು ಎಕರೆಯ ರೈತಾಪಿ ಮನೆಗಳಲ್ಲಿ ಒಂದು ಸುದ್ದಿ ಹಿತ್ತಿಲಿನಿಂದ ಒಳಮನೆಗೆ ಬರುತ್ತದೆ: "ಕೆಂಪು ಹೇಂಟೆ ಕಾವಿಗೆ ಬಂದೈತೆ ಕಣತ್ತೆ." ರಾಗಿ ಒಕ್ಕಣೆ ಮುಗಿದಿರುತ್ತದೆ. ಕಣದಲ್ಲಿ ಚೆಲ್ಲಿದ ಕಾಳು, ಹುಲ್ಲುಮೆದೆಯ ಬುಡದ ಹುಳುಹುಪ್ಪಟೆ ತಿಂದು ಕೋಳಿಗಳು ಮೈತುಂಬಿಕೊಂಡಿರುತ್ತವೆ. ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟ ಹೇಂಟೆ ಒಂದು ದಿನ ಇದ್ದಕ್ಕಿದ್ದಂತೆ ಬೇರೆಯೇ ಹಕ್ಕಿಯಾಗಿಬಿಡುತ್ತದೆ. ಗರಿ ಕೆದರಿಕೊಂಡು, ಕೊರಕ್ ಕೊರಕ್ ಎನ್ನುತ್ತ, ಕೈ ಹಾಕಿದವರನ್ನು ಕುಕ್ಕುತ್ತ, ಮೊಟ್ಟೆಯೇ ಇಲ್ಲದ ಬರಿ ಮಂಕರಿಯಲ್ಲೂ ಕೂರುತ್ತದೆ.

ಹಗಲು ಬೆಳೆಯುವುದು ಇದಕ್ಕೊಂದು ಕಾರಣ. ಹಕ್ಕಿಗಳು ಬೆಳಕಿನ ಲೆಕ್ಕ ಇಡುವುದು ಬರಿ ಕಣ್ಣಿನಿಂದಲ್ಲ. ತಲೆಬುರುಡೆ ದಾಟಿ ಒಳಗೆ ಇಳಿಯುವ ಬೆಳಕನ್ನು ಮಿದುಳಿನ ಆಳದ ಕೋಶಗಳೇ ಗ್ರಹಿಸುತ್ತವೆ. ಕಣ್ಣಿಲ್ಲದ ಬಾತುಗಳಲ್ಲೂ ಬೆಳಕು ಸಂತಾನಾಂಗಗಳನ್ನು ಬೆಳೆಸುತ್ತದೆ ಎಂದು ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲೇ ತೋರಿಸಿದ್ದರು. ಆದರೆ ನಮ್ಮ ಸೀಮೆಯಲ್ಲಿ ಈ ಸೂಚನೆ ಬಲು ದುರ್ಬಲ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲಿಗೂ ಜೂನ್‌ನ ಅತಿ ಉದ್ದದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಾದರೆ ಒಂಬತ್ತು ಗಂಟೆಯ ಹತ್ತಿರ. ಸಾಲದ್ದಕ್ಕೆ, ಸಂತಾನವನ್ನು ಋತುವಿಗೆ ಗಂಟು ಹಾಕುವ ಟಿಎಸ್‌ಎಚ್‌ಆರ್ ಎಂಬ ವಂಶವಾಹಿ ಸಾಕುಕೋಳಿಯಲ್ಲಿ ಬದಲಾಗಿದೆ ಎಂದು ಸ್ವೀಡನ್ನಿನ ಸಂಶೋಧಕರು 2010ರಲ್ಲಿ ಕಂಡರು. ಹಾಗಾಗಿ ನಾಟಿ ಹೇಂಟೆ ಯಾವ ತಿಂಗಳಲ್ಲಾದರೂ ಮೊಟ್ಟೆ ಇಡಬಲ್ಲದು, ಯಾವ ತಿಂಗಳಲ್ಲಾದರೂ ಕಾವಿಗೆ ಬರಬಲ್ಲದು. ಯುಗಾದಿಯ ಹಿಂದುಮುಂದೆ ಇದು ಹೆಚ್ಚಾಗುವುದರಲ್ಲಿ ಬಿಸಿಲಿಗಿಂತ ಕಣದ ಕಾಳಿನ ಪಾಲೇ ದೊಡ್ಡದು ಎಂಬುದು ನನ್ನ ಎಣಿಕೆ.

ಕಾವಿನ ಹಿಂದಿರುವ ಹಾರ್ಮೋನಿನ ಹೆಸರು ಪ್ರೊಲ್ಯಾಕ್ಟಿನ್. ಪಕ್ಕದ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲಿಗೆ ಹಾಲು ತುಂಬಿಸುವುದರಲ್ಲಿ ಪಾಲುಳ್ಳದ್ದೂ ಅದೇ. ಹೇಂಟೆಯ ಹೊಟ್ಟೆಯ ಗರಿ ಉದುರಿ ಚರ್ಮ ಬೋಳಾಗುತ್ತದೆ, ರಕ್ತ ತುಂಬಿ ಬೆಚ್ಚಗಾಗುತ್ತದೆ. ಆ ಬೋಳು ಚರ್ಮಕ್ಕೆ ಮೊಟ್ಟೆ ತಾಗಿದಷ್ಟೂ ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದಷ್ಟೂ ಅಂಡಾಶಯ ಕುಗ್ಗಿ ಮೊಟ್ಟೆ ಇಡುವುದು ನಿಲ್ಲುತ್ತದೆ. ಮರಿ ಬೇಡವೆನ್ನುವವರು ಹೇಂಟೆಯನ್ನು ತೊಟ್ಟಿ ನೀರಿನಲ್ಲಿ ಅದ್ದುವುದು, ಎರಡು ದಿನ ಬರಿನೆಲದ ಮೇಲೆ ಬುಟ್ಟಿ ಕವುಚಿ ಇಡುವುದು ಈ ಸುತ್ತನ್ನು ಮುರಿಯಲೆಂದೇ. ಗೂಡು ತಪ್ಪಿ, ಹೊಟ್ಟೆ ತಣಿದರೆ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಗೂಡು ತಪ್ಪಿಸಿದರೇ ಸಾಕು, ನೀರಿನಲ್ಲಿ ಮುಳುಗಿಸುವ ಹಿಂಸೆ ಬೇಕಿಲ್ಲ.

ಮೊಟ್ಟೆ ಮಾರುವ ಉದ್ದಿಮೆಗೆ ಕಾವೆಂಬುದು ಶುದ್ಧ ನಷ್ಟ. ವರ್ಷಕ್ಕೆ 300ರಷ್ಟು ಮೊಟ್ಟೆ ಇಡುವ ಲೆಗ್‌ಹಾರ್ನ್ ತಳಿಯಿಂದ ಆ ಬಯಕೆಯನ್ನೇ ತಲೆಮಾರುಗಳ ಆಯ್ಕೆಯಿಂದ ಅಳಿಸಿಹಾಕಿದ್ದಾರೆ. ನಾಟಿ ಹೇಂಟೆ ಇಡುವುದು ಐವತ್ತು ಅರವತ್ತು ಮೊಟ್ಟೆ. ಉಳಿದ ದಿನಗಳಲ್ಲಿ ಅದು ಕರೆಂಟಿಲ್ಲದೆ ಮರಿ ಮಾಡುತ್ತದೆ, ಸಂಬಳವಿಲ್ಲದೆ ಅವನ್ನು ಸಾಕುತ್ತದೆ.

ಮೊಟ್ಟೆಯೊಳಗಿನ ಜೀವ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬೆಳೆಯದೆ ಸುಮ್ಮನಿರುತ್ತದೆ. ಹೇಂಟೆ ಕೂತು ಅದರ ಬಿಸಿ 37-38 ಡಿಗ್ರಿ ಮುಟ್ಟಿದಾಗ ಎಲ್ಲವೂ ಒಟ್ಟಿಗೇ ಬೆಳೆಯತೊಡಗುತ್ತವೆ. ಎರಡು ವಾರ ಹಿಂದುಮುಂದಾಗಿ ಇಟ್ಟ ಮೊಟ್ಟೆಗಳೆಲ್ಲ 21ನೇ ದಿನದ ಆಸುಪಾಸಿನಲ್ಲೇ ಒಡೆಯುವುದು ಹೀಗೆ. ನಮ್ಮ ಏಪ್ರಿಲ್ ಈ ಏರ್ಪಾಡನ್ನು ಕೆಡಿಸುತ್ತದೆ. ಹೊರಗೆ 35 ಡಿಗ್ರಿ ದಾಟಿದ ಮೇಲೆ, ಶೀಟು ಹೊದಿಸಿದ ಮನೆಯಲ್ಲಿ ಕೂಡಿಟ್ಟ ಮೊಟ್ಟೆ ಹೇಂಟೆಗಾಗಿ ಕಾಯುವುದಿಲ್ಲ. ಹಗಲಲ್ಲಿ ಅರೆಬರೆ ಬೆಳೆದು, ರಾತ್ರಿ ತಣ್ಣಗಾದಾಗ ತಡೆದು, ಕೊನೆಗೆ ಒಳಗೇ ಸಾಯುತ್ತದೆ. ಒದ್ದೆ ಮರಳಿನಲ್ಲಿ ಹುದುಗಿಸಿದ ಮಡಕೆಯಲ್ಲಿ ಮೊಟ್ಟೆ ಇಡಿ, ವಾರ ಮೀರಿಸಬೇಡಿ ಎಂದು ತಿಳಿದವರು ಹೇಳುವುದು ಅದಕ್ಕೇ.

ಗುಡುಗಿದರೆ ಮೊಟ್ಟೆ ಕೆಡುತ್ತದೆಂದು ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವ ಮನೆಗಳಿವೆ. ಗುಡುಗಿನ ಸದ್ದಿಗೆ ಭ್ರೂಣ ಸಾಯುವುದಿಲ್ಲ. ಆದರೆ ಅಶ್ವಿನಿ, ಭರಣಿ ಮಳೆಗಳ ಗುಡುಗು ಕೇಳಿಸುವುದು ಸೆಕೆ ತುತ್ತತುದಿಗೇರಿದ ದಿನಗಳಲ್ಲೇ. ಮೊಟ್ಟೆ ಕೆಟ್ಟದ್ದು ಸೆಕೆಗೆ, ಅಪವಾದ ಬಂದದ್ದು ಗುಡುಗಿನ ತಲೆಗೆ ಎಂದು ನನಗನ್ನಿಸುತ್ತದೆ.

ಕಾವಿನಲ್ಲಿರುವ ಮೊಟ್ಟೆ ಉಸಿರಾಡುತ್ತದೆ. ಅದರ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅಮೆರಿಕದ ಬಫಲೊ ನಗರದಲ್ಲಿದ್ದ ಹರ್ಮನ್ ರಾನ್ ಮತ್ತು ಸಂಗಡಿಗರ ಲೆಕ್ಕದಂತೆ 60 ಗ್ರಾಂ ತೂಕದ ಮೊಟ್ಟೆಯೊಂದು ಮರಿಯಾಗುವಷ್ಟರಲ್ಲಿ 6 ಲೀಟರ್ ಆಮ್ಲಜನಕ ಎಳೆದುಕೊಂಡು, 4.5 ಲೀಟರ್ ಇಂಗಾಲದ ಡೈಆಕ್ಸೈಡ್, 11 ಲೀಟರ್ ನೀರಾವಿ ಬಿಡುತ್ತದೆ. ಅಷ್ಟೊಂದು ಆವಿಯೇ ಎಂದು ಗಾಬರಿಯಾಗಬೇಡಿ. ನೀರಾಗಿ ತೂಗಿದರೆ ಒಂಬತ್ತು ಗ್ರಾಂನಷ್ಟೇ. ಆ ನೀರು ಹೋದ ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯಲ್ಲಿ, ಗಾಳಿಯ ಗೂಡು ಬೆಳೆಯುತ್ತದೆ. ಮರಿಯ ಮೊದಲ ಉಸಿರು ಅಲ್ಲಿಂದಲೇ. ಹೇಂಟೆ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುವುದೂ ದಂಡಕ್ಕಲ್ಲ. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಇಷ್ಟನ್ನು ಕಾವು ಕೊಡುವ ಯಂತ್ರವೂ ಮಾಡಬಲ್ಲದು.

ಯಂತ್ರ ಮಾಡದ ಕೆಲಸ ಬೇರೆಯಿದೆ. ಹೇಂಟೆ ದಿನಕ್ಕೊಮ್ಮೆ ಇಪ್ಪತ್ತು ನಿಮಿಷದಷ್ಟು ಹೊತ್ತು ಎದ್ದು ಹೋಗುತ್ತದೆ. ನೀರು ಕುಡಿದು, ನಾಲ್ಕು ಕಾಳು ಹೆಕ್ಕಿ, ಬೂದಿಗುಂಡಿಯಲ್ಲಿ ಹೊರಳಾಡಿ, ದೊಡ್ಡದೊಂದು ಹಿಕ್ಕೆ ಹಾಕಿ ಬರುತ್ತದೆ. ಕಾಳಿನ ಬಟ್ಟಲನ್ನು ಮಂಕರಿಯ ಪಕ್ಕಕ್ಕೇ ಸರಿಸಿದರೂ ಹೆಚ್ಚು ತಿನ್ನುವುದಿಲ್ಲ. ಕಾಡುಕೋಳಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಹಾಗೇ ಆಯಿತು. ಆಹಾರ ಎದುರಿಗಿದ್ದೂ ಅವು ಸೊರಗಿದವು. ಹೇಂಟೆ ಎದ್ದು ಹೋದರೆ ಮೊಟ್ಟೆ ತಣ್ಣಗಾದೀತೆಂದು ಮಂಕರಿಯ ಮೇಲೆ ಗೋಣಿಚೀಲ ಮುಚ್ಚುವವರಿದ್ದಾರೆ. ಮುಚ್ಚಬಾರದು, ಅದರಲ್ಲೂ ಕೊನೆಯ ದಿನಗಳಲ್ಲಿ.

ಯಾಕೆಂದರೆ ಮೊಟ್ಟೆಯೊಡೆಯುವ ಮುಂಚಿನ ದಿನಗಳಲ್ಲಿ ಮರಿ ತಲೆ ತಿರುಗಿಸಿ ಮಲಗಿರುತ್ತದೆ. ಅದರ ಎಡಗಣ್ಣು ತನ್ನ ಮೈಗೇ ಒತ್ತಿಕೊಂಡಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಚಿಪ್ಪಿನ ಮೂಲಕ ಸೋಸಿ ಬರುವ ಬೆಳಕು ಬಲಗಣ್ಣಿಗೆ ಮಾತ್ರ ಸಿಗುತ್ತದೆ. ಈ ಅಸಮ ಬೆಳಕಿನಿಂದ ಮಿದುಳಿನ ಎರಡು ಪಾಲುಗಳು ಬೇರೆ ಬೇರೆ ಕೆಲಸಕ್ಕೆ ಅಣಿಯಾಗುತ್ತವೆ ಎಂದು ಆಸ್ಟ್ರೇಲಿಯಾದ ಲೆಸ್ಲಿ ರೋಜರ್ಸ್ 1982ರಿಂದ ತೋರಿಸುತ್ತ ಬಂದರು. ಬಲಗಣ್ಣು ಕಲ್ಲಿನಿಂದ ಕಾಳನ್ನು ಬೇರ್ಪಡಿಸುವುದರಲ್ಲಿ ನಿಪುಣ, ಎಡಗಣ್ಣು ಆಕಾಶದ ಕಾವಲಿಗೆ. ಇಟಲಿಯ ಸಂಗಡಿಗರೊಂದಿಗೆ ಅವರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸೊಗಸಾದದ್ದು. ಬೆಳಕು ಕಂಡ ಮೊಟ್ಟೆಯ ಮರಿಗಳು ಸಣ್ಣ ಕಲ್ಲುಗಳ ನಡುವೆ ಕಾಳು ಹೆಕ್ಕುತ್ತಲೇ ಮೇಲೆ ಹಾಯುವ ಗಿಡುಗದ ಆಕಾರವನ್ನೂ ಗಮನಿಸಿದವು. ಕತ್ತಲಲ್ಲಿ ಕಾವು ಪಡೆದ ಮರಿಗಳು ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ತಬ್ಬಿಬ್ಬಾದವು. ಇದಕ್ಕೆ ಬೇಕಾದದ್ದು ಕೊನೆಯ ಎರಡು ಮೂರು ದಿನಗಳಲ್ಲಿ ಒಂದಿಷ್ಟು ಬೆಳಕು. ಬೂದಿಗುಂಡಿಯಲ್ಲಿ ಹೇಂಟೆ ಹೊರಳಾಡುವ ಹೊತ್ತು ಈ ಲೆಕ್ಕಕ್ಕೆ ಚೆನ್ನಾಗಿ ಕೂಡಿಬರುತ್ತದೆ.

ಗಾಳಿಯ ಗೂಡಿಗೆ ಕೊಕ್ಕು ಚುಚ್ಚಿದ ಮರಿ ಚಿಪ್ಪಿನೊಳಗಿಂದಲೇ ಚಿಂವ್‌ಗುಟ್ಟುತ್ತದೆ, ಹೇಂಟೆ ಮೆಲ್ಲಗೆ ಓಗೊಡುತ್ತದೆ. ಮೊದಲು ಹೊರಬಂದ ಮರಿ ಹಸಿದು ಸಾಯುವ ಭಯವಿಲ್ಲ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಲೋಳೆ ಎರಡು ದಿನಕ್ಕೆ ಧಾರಾಳವಾಗುತ್ತದೆ. ಹಿಂದುಳಿದ ಮರಿಗಳಿಗಾಗಿ ಹೇಂಟೆ ಕಾಯಬಲ್ಲದ್ದು ಆ ಧೈರ್ಯದ ಮೇಲೆ. ಆಮೇಲೆ ತಿಪ್ಪೆಯ ಪಾಠ. ಹದ್ದು ಕಂಡರೆ ಒಂದು ಕೂಗು, ನಾಯಿಯೋ ಬೆಕ್ಕೋ ನೆಲದ ಮೇಲೆ ಬಂದರೆ ಇನ್ನೊಂದು. ಮರಿಗಳು ತಿನ್ನಬಾರದ್ದನ್ನು ತಿನ್ನುತ್ತಿವೆ ಎನಿಸಿದರೆ ತಾಯಿ ಇನ್ನೂ ಜೋರಾಗಿ ಕೆದಕಿ ಕುಕ್ಕುತ್ತದೆ ಎಂದು ಬ್ರಿಟನ್ನಿನ ಕ್ರಿಸ್ಟೀನ್ ನಿಕಲ್ 1990ರ ದಶಕದಲ್ಲಿ ದಾಖಲಿಸಿದರು. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತ ಅರ್ಧ ಗಂಟೆ ನೋಡಿದವರಿಗೆ ಇದು ಹೊಸದಾಗಿ ಕಾಣದು.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಕೋಳಿ ಬೇಗ ಬೆಳೆಯುತ್ತದೆ, ಹಿತ್ತಿಲಿಗೂ ಹೊಂದುತ್ತದೆ, ಕಾವಿಗೆ ಮಾತ್ರ ಕೂರುವುದಿಲ್ಲ. ಅದರ ಮೊಟ್ಟೆಗಳನ್ನು ನಾಟಿ ಹೇಂಟೆಯಡಿ ಇಡುವುದು ರೂಢಿ. ಮೊಟ್ಟೆ ದಪ್ಪವಾದ್ದರಿಂದ ಎರಡು ಮೂರು ಕಡಿಮೆ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದೇ ವಾರದಲ್ಲಿ ಮಂಕರಿಗಟ್ಟಲೆ ಮರಿಗಳನ್ನು ಒಯ್ಯುವುದು ಕೊಕ್ಕರೆ ರೋಗ. ತಾಯಿ ಎಷ್ಟೇ ಗಟ್ಟಿಗಿತ್ತಿಯಾದರೂ ಇದಕ್ಕೆ ಲಸಿಕೆಯೊಂದೇ ದಾರಿ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಆರೆಂಟು ವಾರಕ್ಕೆ ಒಂದು ಸೂಜಿ. ಬಾಟಲಿ ನೂರಾರು ಮರಿಗಾಗುವಷ್ಟು ಬರುತ್ತದೆ, ಕಲಸಿದ ಲಸಿಕೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಹತ್ತು ಮರಿಯ ಮನೆಯವರು ಅದನ್ನು ತರಲು ಹಿಂಜರಿಯುವುದು ಈ ಕಾರಣಕ್ಕೆ. ಕೇರಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಮೊಟ್ಟೆ ಕಾವಿಗಿಟ್ಟರೆ ಒಂದೇ ಬಾಟಲಿಯಲ್ಲಿ ಎಲ್ಲರ ಮರಿಗೂ ಹನಿ ಹಾಕಿ ಮುಗಿಸಬಹುದು.