ಮೂಗುದಾರ ಹರಿದ ಡೀಸೆಲ್ ಇಂಜಿನ್ನು



ನಿಮ್ಮ ಈರುಳ್ಳಿ, ಜೋಳ, ಬೆಲ್ಲಗಳನ್ನು ಮಂಡಿಗೆ ಮುಟ್ಟಿಸುವ ಲಾರಿಯಲ್ಲಿ, ಹೊಲ ಉಳುವ ಟ್ರಾಕ್ಟರಿನಲ್ಲಿ, ಹಳ್ಳದ ನೀರೆತ್ತುವ ಎಣ್ಣೆ ಪಂಪಿನಲ್ಲಿ ಇರುವುದು ಒಂದೇ ಜಾತಿಯ ಯಂತ್ರ, ಡೀಸೆಲ್ ಇಂಜಿನ್ನು. ನಿಲ್ಲಿಸಿದರೆ ನಿಲ್ಲಬೇಕಾದದ್ದು ಅದರ ಧರ್ಮ. ಆದರೆ ಅಪರೂಪಕ್ಕೊಮ್ಮೆ ಅದು ನಿಲ್ಲುವುದಿಲ್ಲ. ವೇಗ ತಾನೇ ತಾನಾಗಿ ಏರುತ್ತದೆ, ಇಂಜಿನ್ನು ಕಿರುಚುತ್ತದೆ, ಸೈಲೆನ್ಸರಿನಿಂದ ಬಿಳಿಯೋ ನೀಲಿಯೋ ಹೊಗೆ ಮೋಡದ ಹಾಗೆ ಏಳುತ್ತದೆ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಅದಕ್ಕೆ ಲಕ್ಷ್ಯವಿಲ್ಲ. ಮೆಕ್ಯಾನಿಕ್ಕುಗಳು ಇದಕ್ಕೆ ‘ರನ್ ಅವೇ’ ಅನ್ನುತ್ತಾರೆ. ನಾವು ಮೂಗುದಾರ ಹರಿದ ಎತ್ತು ಅನ್ನೋಣ.

ಯಾಕೆ ಹೀಗಾಗುತ್ತದೆ? ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಕಿಡಿ ತಪ್ಪಿಸಿದರೆ ಆರಿತು. ರುಡಾಲ್ಫ್ ಡೀಸೆಲ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ಓಡಿಸಿ ತೋರಿಸಿದ ಈ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. 15ರಿಂದ 20 ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಅಮುಕಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ನಾಜಲ್ ಸಿಡಿಸಿದ ಎಣ್ಣೆ ಆ ಕಾವಿಗೇ ಹೊತ್ತಿಕೊಳ್ಳುತ್ತದೆ. ಎಷ್ಟು ಎಣ್ಣೆ ಬಿಡಬೇಕೆಂದು ಅಳೆದು ಕೊಡುವ ಗವರ್ನರೇ ಅದರ ಮೂಗುದಾರ. ಗಾಳಿಯ ದಾರಿಯಿಂದ ಬೇರೆ ಎಣ್ಣೆ ಒಳಗೆ ಹೋಯಿತೋ, ಮೂಗುದಾರ ಹರಿಯಿತು. ವೇಗ ಹೆಚ್ಚಿದಷ್ಟೂ ಹೆಚ್ಚು ಹೀರುತ್ತದೆ, ಹೀರಿದಷ್ಟೂ ಹೆಚ್ಚು ಓಡುತ್ತದೆ.

ಹಾಗಾದರೆ ಆ ಎಣ್ಣೆ ಬರುವುದೆಲ್ಲಿಂದ? ಬಹಳ ಸಲ ಇಂಜಿನ್ನಿನ ಹೊಟ್ಟೆಯಿಂದಲೇ. ಇಂದಿನ ಲಾರಿಗಳಲ್ಲಿ ಗಾಳಿ ತುಂಬುವ ಟರ್ಬೊ ಇರುತ್ತದೆ. ಅದರ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಅದಕ್ಕೆ ಜಾರಲು ಕೊಡುವ ಆಯಿಲ್ಲು, ಸೀಲು ಸವೆದರೆ ಗಾಳಿಯ ಕೊಳವೆಗೆ ಇಳಿಯುತ್ತದೆ. ಹೇರು ಹೊತ್ತು ಘಾಟಿ ಹತ್ತಿ ಬಂದ ಲಾರಿಯನ್ನು ಬಂದ ಕೂಡಲೇ ಆರಿಸದೆ, ಒಂದೆರಡು ನಿಮಿಷ ಸಣ್ಣಗೆ ಓಡಲು ಬಿಟ್ಟರೆ ಟರ್ಬೊ ತಣ್ಣಗಾಗುತ್ತದೆ, ಬಾಳಿಕೆಯೂ ಬರುತ್ತದೆ.

ಇನ್ನೊಂದು ಕಾರಣ ನಮ್ಮ ಧಾರಾಳತನ. ಆಯಿಲ್ಲು ಕಡಿಮೆಯಾದರೆ ಎಲ್ಲರಿಗೂ ಗಾಬರಿ, ಹೆಚ್ಚಾದರೆ ಕೇಳುವವರೇ ಇಲ್ಲ! ಅಳತೆ ಮೀರಿ ತುಂಬಿದ ಆಯಿಲ್ಲು ಒಳಗೆ ಚಿಮ್ಮಿ, ಬ್ರೀದರ್ ಕೊಳವೆಯ ಮೂಲಕ ಗಾಳಿಯ ದಾರಿ ಹಿಡಿಯಬಹುದು. ನೀವು ಹೊಯ್ಯದಿದ್ದರೂ ಅಳತೆ ಕಡ್ಡಿಯಲ್ಲಿ ಮಟ್ಟ ಏರಿದ್ದರೆ, ಡೀಸೆಲ್ಲೋ ನೀರೋ ಅದರೊಳಕ್ಕೆ ಸೋರುತ್ತಿದೆ ಎಂದು ತಿಳಿಯಿರಿ. ಹಳೆಯ ಟ್ರಾಕ್ಟರು, ಪಂಪುಗಳ ಏರ್ ಕ್ಲೀನರಿನಲ್ಲಿ ಧೂಳು ಹಿಡಿಯುವ ಎಣ್ಣೆ ಬಟ್ಟಲಿರುತ್ತದಲ್ಲ, ಬೇಸಿಗೆಯಲ್ಲಿ ಧೂಳು ಜಾಸ್ತಿ ಅಂತ ಅದಕ್ಕೂ ಒಂದು ಲೋಟ ಜಾಸ್ತಿ ಹೊಯ್ಯುವವರಿದ್ದಾರೆ. ಗೆರೆಯ ಮೇಲಿನ ಎಣ್ಣೆ ನೇರ ಇಂಜಿನ್ನಿನ ಬಾಯಿಗೆ. ಪಿಸ್ಟನ್ ರಿಂಗು ಸವೆದ ಮುದಿ ಇಂಜಿನ್ನಿಗೂ ಇದೇ ರೋಗ ಬರಬಹುದು.

ಕೆಲವೊಮ್ಮೆ ಗವರ್ನರೇ ಕೆಟ್ಟು, ಡೀಸೆಲ್ ಪಂಪು ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮಾತ್ರ ಡೀಸೆಲ್ ತಡೆದರೆ ಇಂಜಿನ್ನು ಆರುತ್ತದೆ.

ಹೊರಗಿನ ಗಾಳಿಯಲ್ಲೇ ಉರಿಯುವ ಆವಿಯಿದ್ದರೂ ಇದೇ ಗತಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಉಕ್ಕಿ ಚೆಲ್ಲಿದ ಎಣ್ಣೆಯ ಆವಿ ಹರಡಿತು. ಅಲ್ಲಿ ಓಡುತ್ತಾ ನಿಂತಿದ್ದ ಡೀಸೆಲ್ ಪಿಕಪ್ ಗಾಡಿಯೊಂದು ಅದನ್ನು ಹೀರಿ ಹುಚ್ಚು ವೇಗಕ್ಕೇರಿತು. ಬೆಂಕಿ ಹತ್ತಿದ್ದು ಬಹುಶಃ ಅದರಿಂದಲೇ ಎಂದು ತನಿಖೆ ಹೇಳಿತು. ಸತ್ತವರು 15 ಮಂದಿ. ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರು ಉರುಳಿದೆ ಎಂದು ಕೇಳಿ, ನೋಡಲು ಟ್ರಾಕ್ಟರು ಹತ್ತಿ ಹೊರಡಬೇಡಿ.

ಇಂಜಿನ್ನು ಹೀಗೆ ಕಿರುಚತೊಡಗಿದರೆ ಮೊದಲು ಮಕ್ಕಳು ಮರಿಗಳನ್ನು ದೂರ ಕಳಿಸಿ. ಫ್ಲೈವೀಲಿನ ಎದುರಾಗಲಿ, ಪಕ್ಕದಲ್ಲಾಗಲಿ ನಿಲ್ಲಬೇಡಿ. ಕಬ್ಬಿಣ ಒಡೆದು ಸಿಡಿಯುವುದುಂಟು. ಸ್ಟಾಪ್ ಲಿವರ್ ಎಳೆದು ನೋಡಿ. ಆಗಲಿಲ್ಲವೆ? ಅದಕ್ಕೆ ಗಾಳಿ ತಪ್ಪಿಸಬೇಕು. ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆಯನ್ನು ಅಮುಕಿ ಹಿಡಿದರೆ ಕೆಲವೇ ಕ್ಷಣಗಳಲ್ಲಿ ಉಸಿರುಕಟ್ಟಿ ನಿಲ್ಲುತ್ತದೆ. ಅಂಗೈ ಒಡ್ಡಲೇಬೇಡಿ, ಟವಲ್ಲು ಕೊಟ್ಟರೆ ಅದನ್ನೂ ನುಂಗುತ್ತದೆ. ಇಂಗಾಲದ ಡೈಆಕ್ಸೈಡಿನ ಬೆಂಕಿ ಆರಿಸುವ ಸಿಲಿಂಡರಿದ್ದರೆ ಆ ಬಾಯಿಗೆ ಬಿಡಬಹುದು. ರಸ್ತೆಯಲ್ಲಿ ಓಡುತ್ತಿರುವ ಲಾರಿಯಾದರೆ ನ್ಯೂಟ್ರಲ್ ಮಾಡಬೇಡಿ, ಭಾರ ತಪ್ಪಿದ ಇಂಜಿನ್ನು ಇನ್ನಷ್ಟು ಹುಚ್ಚೇಳುತ್ತದೆ. ಮೇಲಿನ ಗೇರಿನಲ್ಲೇ ಇಟ್ಟು, ಕ್ಲಚ್ ಒತ್ತದೆ, ಬ್ರೇಕನ್ನು ಬಲವಾಗಿ ತುಳಿದು ಉಸಿರು ನಿಲ್ಲಿಸಿ. ಗಾಳಿಯ ಬಾಯಿ ಕೈಗೆಟುಕದಿದ್ದರೆ ಬಿಟ್ಟು ದೂರ ಸರಿಯಿರಿ. ಕಂತು ಇನ್ನೂ ಬಾಕಿ ಇದೆಯೆಂದು ಹತ್ತಿರ ಹೋಗುವುದು ಬೇಡ.

ನಿಂತ ಮೇಲೆ ‘ಒಂದು ಸಲ ನೋಡೋಣ’ ಅಂತ ಮತ್ತೆ ಚಾಲೂ ಮಾಡಬಾರದು. ಮೆಕ್ಯಾನಿಕ್ಕು ಬಂದು ಟರ್ಬೊ ಬದಲಿಸಿದರೂ ನೀವು ಒಂದು ಮಾತು ಕೇಳಿ: ‘ಇಂಟರ್‌ಕೂಲರು, ಗಾಳಿ ಕೊಳವೆ ಬಿಚ್ಚಿ ತೊಳೆದಿರಾ?’ ಅದರಲ್ಲಿ ಹಳೆಯ ಆಯಿಲ್ಲು ನಿಂತಿರುತ್ತದೆ. ತೊಳೆಯದೆ ಓಡಿಸಿದರೆ, ಹೊಸ ಟರ್ಬೊ ಹಾಕಿದ ಇಂಜಿನ್ನೂ ಅದನ್ನು ಕುಡಿದು ಮತ್ತೆ ಓಟ ಕೀಳಬಹುದು.