ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಇಪ್ಪತ್ತರ ಪ್ರಾಯದಲ್ಲಿ ಕೃಶಕಾಯರಾಗಿದ್ದ ಎಷ್ಟೋ ಮಂದಿ ನಲವತ್ತೈದರ ಹೊತ್ತಿಗೆ ಸ್ಥೂಲಕಾಯರಾಗಿರುವುದನ್ನು ನಾವು ನಮ್ಮ ಮನೆಗಳಲ್ಲಿಯೇ ಕಾಣುತ್ತೇವೆ. ಮದುವೆಯ ಕಾಲದ ಭಾವಚಿತ್ರವನ್ನು ತೆಗೆದು ಈಗಿನ ರೂಪದೊಡನೆ ಹೋಲಿಸಿ ನಗುವುದು ಎಲ್ಲ ಸಂಸಾರಗಳಲ್ಲಿಯೂ ಉಂಟು. ಮೂವತ್ತು ದಾಟಿದೊಡನೆ ಒಡಲೊಳಗಿನ ಬೆಂಕಿ ಮಂದವಾಗುತ್ತದೆ, ಆದುದರಿಂದಲೇ ತಿಂದದ್ದೆಲ್ಲ ಮೈಗೆ ಹತ್ತುತ್ತದೆ ಎಂದು ಹಿರಿಯರು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಎಂಟು ದಿನದ ಹಸುಳೆಯಿಂದ 95 ವರ್ಷದ ವೃದ್ಧರವರೆಗೆ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದ ಸಂಶೋಧನೆಯೊಂದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಹದ ಗಾತ್ರವನ್ನು ಗಮನದಲ್ಲಿಟ್ಟು ಲೆಕ್ಕ ಹಾಕಿದರೆ, 20ರಿಂದ 60 ವರ್ಷದವರೆಗೆ ಈ ವ್ಯಯವು ಬಹುಮಟ್ಟಿಗೆ ಒಂದೇ ಆಗಿರುತ್ತದೆಂದು ಅದರಿಂದ ತಿಳಿದುಬಂದಿದೆ. ಹೀಗಿರುವಾಗ ಎಲ್ಲ ತಪ್ಪನ್ನೂ ವಯಸ್ಸಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ತೂಕ ಬರುವುದು ಎಲ್ಲಿಂದ? ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಕಿಲೋಗ್ರಾಂ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. (ಆಹಾರಶಾಸ್ತ್ರದ ಕ್ಯಾಲೊರಿಯು ಭೌತಶಾಸ್ತ್ರದ ಕ್ಯಾಲೊರಿಯ ಸಾವಿರ ಪಟ್ಟು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.) ವರ್ಷಕ್ಕೆ ಅರ್ಧ ಕಿಲೋ ತೂಕ ಏರಬೇಕಾದರೆ ದಿನವೊಂದಕ್ಕೆ ಹತ್ತು ಹನ್ನೊಂದು ಕ್ಯಾಲೊರಿ ಮಿಕ್ಕಿದರೆ ಸಾಕು. ಇದು ಕಾಫಿಗೆ ಹಾಕುವ ಅರ್ಧ ಚಮಚ ಸಕ್ಕರೆ! ಮೈ ಬೆಳೆದಂತೆ ಅದರ ಖರ್ಚೂ ಬೆಳೆಯುವುದರಿಂದ ನಿಜಜೀವನದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ಹತ್ತು ಕಿಲೋ ಏರಿದವರು ಹೊಟ್ಟೆಬಾಕರೇ ಆಗಿರಬೇಕಿಲ್ಲ ಎಂಬುದು ಇದರಿಂದ ವಿಶದವಾಗುತ್ತದೆ.

ಏರಿದ್ದನ್ನು ಇಳಿಸುವ ಮಾತಿಗೆ ಬರುವ ಮೊದಲು ಒಂದು ಕುತೂಹಲದ ಪ್ರಶ್ನೆ. ಕರಗಿದ ಕೊಬ್ಬು ಹೋಗುವುದಾದರೂ ಎಲ್ಲಿಗೆ? 2014ರಲ್ಲಿ ಆಸ್ಟ್ರೇಲಿಯದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ವಿಜ್ಞಾನಿಗಳು ಇದನ್ನು ವೈದ್ಯರು, ಆಹಾರತಜ್ಞರು ಮತ್ತು ವ್ಯಾಯಾಮ ಶಿಕ್ಷಕರನ್ನು ಕೇಳಿದಾಗ, ಅದು ಶಕ್ತಿಯಾಗಿ ಮಾಯವಾಗುತ್ತದೆ ಎಂಬುದೇ ಹೆಚ್ಚಾಗಿ ಬಂದ ಉತ್ತರವಾಗಿತ್ತು. ರಸಾಯನಶಾಸ್ತ್ರವನ್ನು ಓದಿದ ಯಾರೂ ಇದನ್ನು ಒಪ್ಪಲಾರರು. ದ್ರವ್ಯವು ಹಾಗೆ ಮಾಯವಾಗದು. ನಮ್ಮ ದೇಹದ ಕೊಬ್ಬಿನ ಸರಾಸರಿ ಅಣುವೊಂದರಲ್ಲಿ 55 ಇಂಗಾಲ, 104 ಜಲಜನಕ ಮತ್ತು 6 ಆಮ್ಲಜನಕ ಪರಮಾಣುಗಳಿವೆ. ಇಂತಹ ಕೊಬ್ಬು 10 ಕಿಲೋ ದಹಿಸಬೇಕಾದರೆ ಉಸಿರಿನ ಮೂಲಕ 29 ಕಿಲೋ ಆಮ್ಲಜನಕ ಬೇಕು. ಫಲವಾಗಿ 28 ಕಿಲೋ ಇಂಗಾಲದ ಡೈಆಕ್ಸೈಡೂ 11 ಕಿಲೋ ನೀರೂ ಹುಟ್ಟುತ್ತವೆ. ಆ ಹತ್ತು ಕಿಲೋದಲ್ಲಿ 8.4 ಕಿಲೋ ನಿಶ್ವಾಸದ ಮೂಲಕವೇ ಗಾಳಿಗೆ ಸೇರುತ್ತದೆಂದೂ, ಉಳಿದದ್ದು ಮಾತ್ರ ನೀರಾಗಿ ಹೊರಬೀಳುತ್ತದೆಂದೂ ಅವರು ಲೆಕ್ಕ ಹಾಕಿ ತೋರಿಸಿದರು.

ಈ ಸಂಗತಿಯ ಒಂದು ತುದಿಯನ್ನು ಇಟಲಿಯ ಪಡುವಾದ ವೈದ್ಯ ಸಾಂಟೋರಿಯೊ ನಾಲ್ಕು ಶತಮಾನಗಳ ಹಿಂದೆಯೇ ಹಿಡಿದಿದ್ದನು. ಆತನು ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ಅನೇಕ ವರ್ಷಗಳ ಕಾಲ ತೂಗಿದನು. ಉಂಡದ್ದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದಂತೆ ದೇಹವನ್ನು ಬಿಟ್ಟುಹೋಗುತ್ತದೆಂದು 1614ರ ತನ್ನ ಗ್ರಂಥದಲ್ಲಿ ಬರೆದನು. ಅದೇನೆಂದು ತಿಳಿಯಲು ಆಮ್ಲಜನಕದ ಪರಿಚಯವೇ ಆತನ ಕಾಲಕ್ಕೆ ಇರಲಿಲ್ಲ.

ಬೇಗಬೇಗ ಉಸಿರು ಬಿಟ್ಟರೆ ಕೊಬ್ಬು ಕರಗೀತೆ ಎಂದು ಯಾರಾದರೂ ಕೇಳಬಹುದು. ಕರಗದು, ತಲೆ ಸುತ್ತೀತು ಅಷ್ಟೆ. ಜೀವಕೋಶಗಳಲ್ಲಿ ದಹನ ಹೆಚ್ಚಿದ ಹೊರತು ಹೊರಗೆ ಹೋಗಬೇಕಾದ ಇಂಗಾಲ ಹುಟ್ಟುವುದಿಲ್ಲ. ದಹನವನ್ನು ಹೆಚ್ಚಿಸುವುದು ದುಡಿಮೆ. ಇಂಗಾಲವನ್ನು ಒಳಗೆ ತರುವುದು ಊಟ.

ಈ ಎರಡರಲ್ಲಿ ತೂಕವನ್ನು ಇಳಿಸುವುದಕ್ಕೆ ಹೆಚ್ಚು ಸಮರ್ಥವಾದದ್ದು ಊಟದ ಮಿತಿಯೇ ಎಂದು ನಮಗೆ ತೋರುತ್ತದೆ. ಎಪ್ಪತ್ತು ಕಿಲೋ ತೂಗುವವನು ಒಂದು ಗಂಟೆ ಬಿರುಸಾಗಿ ನಡೆದರೆ, ಸುಮ್ಮನೆ ಕುಳಿತಿದ್ದಾಗ ಆಗುವ ಖರ್ಚಿಗಿಂತ ಸುಮಾರು 200 ಕ್ಯಾಲೊರಿ ಹೆಚ್ಚು ವ್ಯಯವಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ 120 ಕ್ಯಾಲೊರಿ ಇದೆ. ನಡೆದು ಬಂದು ದಾರಿಯಲ್ಲಿ ಎರಡು ಬೋಂಡಾ ತಿಂದವನ ನಡಿಗೆ ಲೆಕ್ಕದಿಂದ ಅಳಿಸಿಹೋಗುವುದು ಹೀಗೆ. ಅನ್ನದ ರಾಶಿಯನ್ನು ಸ್ವಲ್ಪ ಕುಗ್ಗಿಸಿ ಪಲ್ಯ, ಬೇಳೆ, ಕಾಳು, ಮೊಸರುಗಳ ಪಾಲನ್ನು ಹೆಚ್ಚಿಸುವುದು, ಕರಿದದ್ದನ್ನು ಹಬ್ಬಕ್ಕೆ ಮೀಸಲಿಡುವುದು, ಇವು ಸಾಧಾರಣ ಉಪಾಯಗಳು. ಆದರೆ ವರ್ಷಗಟ್ಟಲೆ ನಡೆಸಬಹುದಾದವು. ಅಕ್ಕಿಯ ಬದಲು ರಾಗಿಯನ್ನು ಉಂಡರೆ ಸಾಕೆಂಬ ಮಾತನ್ನು ಕೇಳುತ್ತೇವೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚು, ನಿಜ. ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. (ಇಲ್ಲಿ ಹೇಳುತ್ತಿರುವುದೆಲ್ಲ ಬೆಳವಣಿಗೆ ಮುಗಿದವರಿಗೆ. ಎಲುಬು ಬೆಳೆಯುತ್ತಿರುವ ಪ್ರಾಯದ ಹುಡುಗ ಹುಡುಗಿಯರು ವೈದ್ಯರ ಸಲಹೆಯಿಲ್ಲದೆ ಊಟ ಬಿಡಬಾರದು.)

ಹಾಗೆಂದು ವ್ಯಾಯಾಮವನ್ನು ಕೈಬಿಡಲಾಗದು. ಕೋಲ್ಕತ್ತದ ಸಮೀಪದ ಸೆಣಬಿನ ಗಿರಣಿಯೊಂದರ ಕೆಲಸಗಾರರನ್ನು ಕುರಿತು ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮೂಟೆ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಅದು ಸಹಜ. ಆದರೆ ದಿನವೆಲ್ಲ ಕುಳಿತೇ ಇರುವವರು ಹಗುರವಾದ ಮೈಗೆಲಸದವರಿಗಿಂತ ಕಡಮೆ ಉಣ್ಣುವ ಬದಲು ಹೆಚ್ಚೇ ಉಣ್ಣುತ್ತಿದ್ದರು, ತೂಕವೂ ಅವರದೇ ಹೆಚ್ಚಾಗಿತ್ತು. ತೀರ ಅಲುಗದ ದೇಹದಲ್ಲಿ ಹಸಿವು ತನ್ನ ಅಳತೆಯನ್ನೇ ತಪ್ಪುವಂತೆ ಕಾಣುತ್ತದೆ.

ಕಷ್ಟವಿರುವುದು ಇಳಿಸುವುದರಲ್ಲಲ್ಲ, ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ. ಪ್ರೌಢರು ಕೃಶವಾದಾಗ ಕೊಬ್ಬಿನ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ಇಳಿಯುವುದಿಲ್ಲವೆಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಕೊಬ್ಬಿನ ಸಂಗ್ರಹ ಎಷ್ಟಿದೆಯೆಂದು ಮಿದುಳಿಗೆ ವರದಿ ಒಪ್ಪಿಸುವ ಲೆಪ್ಟಿನ್ ಎಂಬ ಹಾರ್ಮೋನು ಆಗ ಕಡಮೆಯಾಗುತ್ತದೆ; ಮಿದುಳು ಅದನ್ನು ಕ್ಷಾಮವೆಂದೇ ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ಬಿಗಿಹಿಡಿಯುತ್ತದೆ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿದಿದ್ದ 14 ಮಂದಿಯನ್ನು ಆರು ವರ್ಷಗಳ ತರುವಾಯ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂದಿತು. ಸರಾಸರಿ 41 ಕಿಲೋ ಮರಳಿ ಬಂದಿತ್ತು. ವಿಶ್ರಾಂತಿಯಲ್ಲಿದ್ದಾಗಲೂ ಅವರ ದೇಹವು ಆ ಗಾತ್ರಕ್ಕೆ ತಕ್ಕುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಮೆ ಖರ್ಚು ಮಾಡುತ್ತಿತ್ತು! ಇಂತಹವರನ್ನು ಮನೋಬಲವಿಲ್ಲದವರೆಂದು ಹಳಿಯುವುದು ಎಷ್ಟು ಅವಿವೇಕವೆಂದು ವಾಚಕರೇ ಯೋಚಿಸಲಿ. ಅವರಲ್ಲಿ ಇಳಿದ ತೂಕವನ್ನು ಬಹುಮಟ್ಟಿಗೆ ಉಳಿಸಿಕೊಂಡವರು, ದೈಹಿಕ ಚಟುವಟಿಕೆಯನ್ನು ಮೊದಲಿಗಿಂತ ಬಹಳ ಹೆಚ್ಚಿಸಿ ಹಾಗೆಯೇ ನಡೆಸಿಕೊಂಡು ಬಂದವರಾಗಿದ್ದರು.

ಇಷ್ಟೆಲ್ಲ ಶ್ರಮ ಬರಿಯ ಅಂದಕ್ಕಾಗಿ ಅಲ್ಲ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಭಾಗದಲ್ಲಿ ಸೇರುವುದು ಹೆಚ್ಚು; ಸಿಹಿಮೂತ್ರ ರೋಗವು ಪಾಶ್ಚಾತ್ಯರಿಗಿಂತ ಕಡಮೆ ತೂಕದಲ್ಲಿಯೇ, ಕಡಮೆ ವಯಸ್ಸಿನಲ್ಲಿಯೇ ಅವರನ್ನು ಹಿಡಿಯುತ್ತದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಆ ರೋಗದ ಅಂಚಿನಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಸಕ್ಕರೆ, ಎಣ್ಣೆ, ನಯವಾದ ಹಿಟ್ಟಿನ ತಿನಿಸುಗಳನ್ನು ತಗ್ಗಿಸುವಂತೆಯೂ ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯುವಂತೆಯೂ ಬೋಧಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ, ಬೋಧನೆಯಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ರೋಗ ಬಂದಿದ್ದರೆ, ಈ ಗುಂಪಿನಲ್ಲಿ ಬಂದದ್ದು 39 ಮಂದಿಗೆ. ಸೋಜಿಗವೆಂದರೆ ಈ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಗೆ ಕಾಯದೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಇದು ತಕ್ಕಡಿಯಲ್ಲಿ ಕಾಣುವ ಸಂಗತಿಯಲ್ಲ.