ನಡುದಾರಿಯಲ್ಲಿ ನಿಂತ ಗಾಡಿ

ಗಜೇಂದ್ರಗಡದ ಗುಡ್ಡದ ಮೇಲಣ ಗಾಳಿಯಂತ್ರಗಳು ಕತ್ತಲಲ್ಲಿ ಕರಗತೊಡಗಿದ್ದ ಹೊತ್ತು. ಅವ್ವನನ್ನು ವೈದ್ಯರಿಗೆ ತೋರಿಸಿಕೊಂಡು ರಾಜೂರಿಗೆ ಮರಳುತ್ತಿದ್ದೆವು. ಊರು ಇನ್ನು ಮೂರು ಕಿ.ಮೀ. ಇದೆಯೆನ್ನುವಾಗ ಕಾರಿನ ಮುಂಭಾಗದಲ್ಲಿ ಪಟ್ಟನೆ ಸದ್ದಾಯಿತು. ಕೆಂಪು ದೀಪವೊಂದು ಹೊತ್ತಿಕೊಂಡಿತು. ಇಳಿದು ನೋಡಿದರೆ ಇಂಜಿನ್ನಿನ ಬೆಲ್ಟು ಹರಿದು ಜೋತಾಡುತ್ತಿತ್ತು. ಅವ್ವ ಸಕ್ಕರೆ ರೋಗದವಳು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅವಳ ಕೈಕಾಲುಗಳು ನಡುಗತೊಡಗುತ್ತವೆ.

ಆದರೂ ಆ ಗಳಿಗೆಯಲ್ಲಿ ನನಗೆ ಚಿಂತೆಗಿಂತ ಧೈರ್ಯವೇ ಹೆಚ್ಚಾಗಿದ್ದಿತೆಂಬುದನ್ನು ಒಪ್ಪಿಕೊಳ್ಳಬೇಕು. ಏಕೆಂದರೆ ಆ ವರ್ಷ ನಾನು ಸಂಸ್ಥೆಯೊಂದಕ್ಕೆ 1,500 ರೂಪಾಯಿ ತೆತ್ತು ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ರಸ್ತೆ ನೆರವಿನ ಸದಸ್ಯನಾಗಿದ್ದೆ. ಗಾಡಿ ಎಲ್ಲಿಯೇ ಕೆಟ್ಟು ನಿಂತರೂ ಒಂದು ಫೋನಿನ ಕರೆಗೆ ನೆರವು ಓಡಿಬರುವುದೆಂದು ಅವರ ಪತ್ರಿಕೆ ಸಾರಿತ್ತು. ಫೋನು ಮಾಡಿದೆ. ಅತ್ತಣಿಂದ ವಿನಯದ ದನಿಯೊಂದು ಪಿನ್‌ಕೋಡ್ ಕೇಳಿತು, ಹೇಳಿದೆ. ಹತ್ತಿರದ ಗುರುತು ಯಾವುದೆಂದು ಕೇಳಿತು. ಸುತ್ತ ನೋಡಿದೆ. ಒಂದು ಜಾಲಿಯ ಮರ, ಅದರಾಚೆ ಕಡಲೆಯ ಹೊಲ. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತಿನ ತರುವಾಯ ಉತ್ತರ ಬಂದಿತು: ಟೋಯಿಂಗ್ ಗಾಡಿ ಗದಗಿನಿಂದ ಬರಬೇಕು, ಎರಡೂವರೆ ಗಂಟೆ ಹಿಡಿಯಬಹುದು.

ಆ ಎರಡೂವರೆ ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷವೂ ಕಳೆದಿರಲಿಲ್ಲ. ಕಣಿಕೆ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರೊಂದು ನಮ್ಮ ಪಕ್ಕದಲ್ಲಿ ನಿಂತಿತು.

‘ಯಾಕ್ರೀ ಸರ, ಗಾಡಿ ಕೈ ಕೊಟ್ಟತೇನ್ರೀ?’

‘ಬೆಲ್ಟ್ ಹರದೈತಪ್ಪಾ. ಅವ್ವ ಒಳಗ ಅದಾಳ.’

‘ಹಗ್ಗ ಐತ್ರೀ, ಮೆಲ್ಲಕ ಎಳಕೊಂಡು ಹೋಗೂಣು. ಯವ್ವಾ, ನೀ ಅಲ್ಲೇ ಕುಂದರು, ಅಂಜಬ್ಯಾಡ.’

ಅರ್ಧ ಗಂಟೆಯಲ್ಲಿ ನಾವು ಮನೆಯ ಮುಂದಿದ್ದೆವು. ಹಣ ನೀಡಹೋದರೆ ಆತ ಮುಟ್ಟಲಿಲ್ಲ. ‘ಇರ್ಲಿ ಬಿಡ್ರೀ ಸರ, ನಾಳೆ ನಮ್ಮ ಗಾಡಿ ನಿಂತರ ನೀವು ನಿಲ್ಲೂದಿಲ್ಲೇನು?’ ಎಂದು ಹೊರಟುಹೋದ. ಸಂಸ್ಥೆಗೆ ಫೋನು ಮಾಡಿ, ಇನ್ನು ಬರಬೇಕಾಗಿಲ್ಲವೆಂದೆ. ‘ಗ್ರಾಹಕರ ಇಚ್ಛೆಯಂತೆ ರದ್ದು’ ಎಂದು ಸಂದೇಶ ಬಂದಿತು.

ಈಗ ಅದೇ ಸದಸ್ಯತ್ವವನ್ನು ನವೀಕರಿಸಬೇಕೆಂಬ ಪತ್ರ ನನ್ನ ಮೇಜಿನ ಮೇಲಿದೆ. ತೆರಬೇಕೆ, ಬಿಡಬೇಕೆ? ಸಿಟ್ಟಿನಿಂದ ಹರಿದೊಗೆಯುವುದು ಸುಲಭ. ಆದರೆ ಪ್ರತಿ ತಿಂಗಳೂ ಅವ್ವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದ ನನ್ನಂಥವನಿಗೆ ಸಿಟ್ಟು ಸರಿಯಾದ ಸಲಹೆಗಾರನಲ್ಲ. ಆದುದರಿಂದ ವಿಷಯವನ್ನು ಬುಡದಿಂದ ನೋಡಲು ಹೊರಟೆ.

ಈ ಏರ್ಪಾಡು ಹುಟ್ಟಿದ್ದು ವ್ಯಾಪಾರವಾಗಿ ಅಲ್ಲ, ಸಂಘವಾಗಿ. 1902ರಲ್ಲಿ ಅಮೆರಿಕೆಯ ಚಿಕಾಗೋ ನಗರದಲ್ಲಿ ಒಂಬತ್ತು ಮೋಟಾರು ಕ್ಲಬ್ಬುಗಳು ಒಂದುಗೂಡಿ ಅಲ್ಲಿಯ ಆಟೋಮೊಬೈಲ್ ಸಂಘವನ್ನು ಕಟ್ಟಿದುವು. 1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘದ ಮೊದಲ ಉದ್ದೇಶವಂತೂ ವೇಗ ಹಿಡಿಯಲು ಹೊಂಚು ಹಾಕಿದ್ದ ಪೊಲೀಸರ ಸುಳಿವನ್ನು ಸದಸ್ಯರಿಗೆ ಕೊಡುವುದಾಗಿತ್ತು! ಸೈಕಲ್ಲಿನ ಮೇಲೆ ತಿರುಗುತ್ತಿದ್ದ ಅದರ ಸೇವಕರು ಕ್ರಮೇಣ ಕೆಟ್ಟ ಗಾಡಿಗಳಿಗೂ ನೆರವಾದರು. 1912ರಿಂದ ರಸ್ತೆಯ ಬದಿಗೆ ಫೋನಿನ ಪೆಟ್ಟಿಗೆಗಳು ಬಂದುವು. ಸದಸ್ಯನ ಕೈಯಲ್ಲಿ ಅದರ ಕೀಲಿ. ನಮ್ಮಲ್ಲಿ 1919ರಲ್ಲಿ ಮುಂಬಯಿಯಲ್ಲಿ ಪಶ್ಚಿಮ ಭಾರತ ಆಟೋಮೊಬೈಲ್ ಸಂಘ ಸ್ಥಾಪಿತವಾಯಿತು. ಆಗ ನಮ್ಮ ರೋಣ ತಾಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಆದರೆ ಅಂದು ಈ ಎರೆಯ ದಾರಿಗಳಲ್ಲಿ ಓಡುತ್ತಿದ್ದವು ಹೆಚ್ಚಾಗಿ ಚಕ್ಕಡಿಗಳು. ಅವುಗಳ ಅಚ್ಚು ಮುರಿದರೆ ನೆರವಿಗೆ ಬರುತ್ತಿದ್ದವನು ಹಿಂದಿನ ಚಕ್ಕಡಿಯವನು.

ಇಂದು ಸಂಘದ ಬದಲು ಹೆಚ್ಚಾಗಿ ಕಂಪನಿಗಳು ನಿಂತಿವೆ. ಇವುಗಳಲ್ಲಿ ಬಹಳಷ್ಟಕ್ಕೆ ಸ್ವಂತದ ಟೋಯಿಂಗ್ ಗಾಡಿಗಳಿಲ್ಲ. ಅವುಗಳಿಗಿರುವುದು ಒಂದು ಫೋನಿನ ಕೇಂದ್ರ ಮತ್ತು ಊರೂರಿನ ಗಾಡಿಯವರೊಡನೆ ಮಾಡಿಕೊಂಡ ಒಪ್ಪಂದ. ಆದುದರಿಂದ ಸದಸ್ಯತ್ವದ ಬೆಲೆ ಬೆಂಗಳೂರಿನಲ್ಲಿ ಒಂದಾದರೆ ರಾಜೂರಿನಲ್ಲಿ ಮತ್ತೊಂದು. ಹಣ ಒಂದೇ, ನೆರವು ಬರುವ ಹೊತ್ತು ಬೇರೆ. ನನ್ನನ್ನು ಕಾಯಿಸಿದ್ದು ಯಾರ ದುಷ್ಟತನವೂ ಅಲ್ಲ, ಐವತ್ತು ಕಿ.ಮೀ.ಗೂ ಮಿಕ್ಕಿದ ಗದಗಿನ ದಾರಿ.

ಎರಡನೆಯದಾಗಿ, ಹೊಸದಾಗಿ ಹಣ ತೆರುವ ಮೊದಲು ನಮ್ಮಲ್ಲಿ ಆಗಲೇ ಏನಿದೆಯೆಂಬುದನ್ನು ನೋಡಬೇಕು. ಹೊಸ ಕಾರು ಕೊಂಡವರಿಗೆ ತಯಾರಕರೇ ಕೆಲವು ವರ್ಷ ಈ ಸೇವೆಯನ್ನು ಕೊಟ್ಟಿರುವುದುಂಟು. ಕಾರಿನ ಸಮಗ್ರ ವಿಮೆಯ ಜೊತೆಗೆ ಸಣ್ಣ ಮೊತ್ತ ಸೇರಿಸಿದರೆ ಇದನ್ನೇ ವಿಮಾ ಕಂಪನಿಯವರೂ ಕೊಡುತ್ತಾರೆ; ಕಾನೂನಿನ ಕಡ್ಡಾಯಕ್ಕಾಗಿ ಕೇವಲ ಮೂರನೆಯವರ ವಿಮೆ ಇಳಿಸಿದವರಿಗೆ ಈ ಅನುಕೂಲವಿಲ್ಲ. ಸಮಗ್ರ ವಿಮೆಯ ಮೂಲ ಷರತ್ತಿನಲ್ಲಿಯೂ ಒಂದು ಮಾತು ಅಡಗಿದೆ: ಅಪಘಾತವಾದಾಗ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚು, ಕಾರಿಗೆ 1,500 ರೂಪಾಯಿಯವರೆಗೆ, ದ್ವಿಚಕ್ರ ವಾಹನಕ್ಕೆ 300 ರೂಪಾಯಿಯವರೆಗೆ ಸಿಗಬಲ್ಲುದು. ಆದರೆ ಅದು ಅಪಘಾತಕ್ಕೆ ಮಾತ್ರ; ಹರಿದ ಬೆಲ್ಟಿಗಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೆ ಕರೆ ಮಾಡಬಹುದು. ನಮ್ಮ ಹಳ್ಳಿಯ ರಸ್ತೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಮನುಷ್ಯರಿಗೇ ಅಪಾಯವಿದ್ದಾಗ ಎಲ್ಲೆಡೆಯೂ 112, ಆಂಬುಲೆನ್ಸಿಗೆ 108. ಇವಕ್ಕೆ ಯಾವ ಸದಸ್ಯತ್ವವೂ ಬೇಕಿಲ್ಲ.

ಮೂರನೆಯದು ಷರತ್ತುಗಳ ಓದು. ನಾನು ಮಾಡದಿದ್ದುದು ಇದನ್ನೇ. ನನ್ನ ಒಪ್ಪಂದದಲ್ಲಿ ಪುಕ್ಕಟೆ ಎಳೆದೊಯ್ಯುವುದು 25 ಕಿ.ಮೀ.ವರೆಗೆ ಮಾತ್ರ, ಮುಂದಿನ ಪ್ರತಿ ಕಿ.ಮೀ.ಗೂ ನಾನೇ ಹಣ ಕೊಡಬೇಕು. ವರ್ಷಕ್ಕೆ ಇಷ್ಟೇ ಸಲವೆಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಪೆಟ್ರೋಲು ಮುಗಿದರೆ ತಂದುಕೊಡುತ್ತಾರೆ, ಪೆಟ್ರೋಲಿನ ಬೆಲೆ ನಮ್ಮದು. ಸ್ಟೆಪ್ನಿ ಹಾಕಿಕೊಡುತ್ತಾರೆ, ಪಂಕ್ಚರ್ ತೆಗೆಸುವ ಖರ್ಚು ನಮ್ಮದು. ಬಿಡಿಭಾಗದ ಬೆಲೆಯೂ ನಮ್ಮದೇ. ಮೇಲಾಗಿ ಸದಸ್ಯತ್ವ ಬಹುಮಟ್ಟಿಗೆ ಗಾಡಿಯ ನಂಬರಿಗೆ ಅಂಟಿಕೊಂಡಿರುತ್ತದೆ; ಅಣ್ಣನ ಕಾರಿನಲ್ಲಿ ಹೋದಾಗ ತಮ್ಮನ ಸದಸ್ಯತ್ವ ಒದಗದು.

ಇನ್ನು ಲೆಕ್ಕ. ಉದಾಹರಣೆಗೆ, ಕಾರನ್ನು ಇಲ್ಲಿಂದ ಗದಗಿನವರೆಗೆ ಖಾಸಗಿಯಾಗಿ ಸಾಗಿಸಲು 5,000 ರೂಪಾಯಿ ಬೀಳುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,500 ತೆರುವವನಿಗೆ ಮೂರು ವರ್ಷ ನಾಲ್ಕು ತಿಂಗಳಿಗೊಮ್ಮೆಯಾದರೂ ಗಾಡಿ ಕೆಟ್ಟು ನಿಂತರೆ ಮಾತ್ರ ಹಣ ಸರಿಹೋಗುತ್ತದೆ. ಆದರೆ 25 ಕಿ.ಮೀ. ಮಿತಿಯಿಂದ ಉಳಿತಾಯ ಅರ್ಧಕ್ಕಿಳಿದು 2,500 ಆದರೆ, ಇಪ್ಪತ್ತು ತಿಂಗಳಿಗೊಮ್ಮೆ ಗಾಡಿ ಕೆಡಬೇಕು! ಅಷ್ಟು ಸಲ ಕೆಡುವ ಗಾಡಿಗೆ ಬೇಕಾದದ್ದು ಸದಸ್ಯತ್ವವಲ್ಲ, ಒಳ್ಳೆಯ ಮೇಸ್ತ್ರಿ. ಅದೇ ಸೇವೆ ವಿಮೆಯ ಜೊತೆಗೆ 300 ರೂಪಾಯಿಗೆ ಸಿಕ್ಕರೆ, ಮಿತಿಯ ಕಾಟವಿದ್ದರೂ ಎಂಟು ವರ್ಷಕ್ಕೊಮ್ಮೆ ಕೆಲಸಕ್ಕೆ ಬಂದರೆ ಸಾಕು.

ಆದರೆ ಜೀವನ ಕೇವಲ ಗಣಿತವಲ್ಲ. ರಾತ್ರಿಯ ಹೊತ್ತು ಒಂಟಿಯಾಗಿ ಗಾಡಿ ಓಡಿಸುವ ಹೆಣ್ಣುಮಗಳಿಗೆ, ಕೂಸನ್ನೋ ರೋಗಿಯನ್ನೋ ಕರೆದುಕೊಂಡು ದೂರ ಹೋಗುವವರಿಗೆ, ಪರಊರಿನಲ್ಲಿ ಯಾವ ಗ್ಯಾರೇಜನ್ನೂ ಅರಿಯದವರಿಗೆ ಈ ಹಣ ದಂಡವಲ್ಲ. ಸ್ವಯಂಚಾಲಿತ ಗೇರಿನ ಕಾರನ್ನಾಗಲಿ ವಿದ್ಯುತ್ ಕಾರನ್ನಾಗಲಿ ಹಗ್ಗ ಕಟ್ಟಿ ಎಳೆದರೆ ಒಳಗಿನ ಯಂತ್ರವೇ ಹಾಳಾದೀತು. ಅದನ್ನು ಹಲಗೆಯ ಲಾರಿಯ ಮೇಲೇರಿಸಿಯೇ ಸಾಗಿಸಬೇಕು. 2020ರಲ್ಲಿ ನಿಯಮ ಬದಲಾದ ಮೇಲೆ ಕೆಲವು ಕಾರುಗಳು ಸ್ಟೆಪ್ನಿಯಿಲ್ಲದೆಯೇ ಬರುತ್ತಿವೆ. ಇಂಥವರಿಗೆಲ್ಲ ಟ್ರ್ಯಾಕ್ಟರಿನ ಹಗ್ಗ ಆಸರೆಯಾಗಲಾರದು. ನನ್ನ ಹಳೆಯ ಕಾರಿಗೂ ಅದು ಮೂರು ಕಿ.ಮೀ.ಗೆ ಸರಿ, ಮೂವತ್ತಕ್ಕಲ್ಲ. ಇಂಜಿನ್ ನಿಂತಾಗ ಬ್ರೇಕೂ ಸ್ಟಿಯರಿಂಗೂ ಎಷ್ಟು ಬಿಗಿಯಾಗುತ್ತವೆಂಬುದು ಆ ಸಂಜೆ ನನ್ನ ತೋಳುಗಳಿಗೆ ತಿಳಿದಿದೆ.

ಹೀಗೆ ತೂಗಿ ನೋಡಿದಾಗ ನನಗೆ ತೋರಿದ್ದು ಇಷ್ಟು: ಸದಸ್ಯತ್ವವನ್ನು ಕೊಳ್ಳಬೇಕಾದುದು ನಮ್ಮವರಿರುವ ದಾರಿಗಲ್ಲ, ನಮ್ಮವರಿಲ್ಲದ ದಾರಿಗೆ. ತಾಲೂಕಿನ ಒಳಗೇ ತಿರುಗುವವನಿಗೆ ಅದು ಬೇಡ. ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗಿಬರುವವನಿಗೆ ಬೇಕು. ಆದರೆ ತೆರುವ ಮುನ್ನ ಅವನು ಫೋನು ಮಾಡಿ ಕೇಳಬೇಕಾದ ಪ್ರಶ್ನೆಗಳುಂಟು. ನಾನು ಹೋಗುವ ದಾರಿಗೆ ಅತ್ಯಂತ ಸಮೀಪದ ಗಾಡಿ ಯಾವ ಊರಿನಲ್ಲಿದೆ? ಎಷ್ಟು ಕಿ.ಮೀ. ಪುಕ್ಕಟೆ, ಮುಂದೆ ದರವೇನು? ವರ್ಷಕ್ಕೆಷ್ಟು ಸಲ? ನನ್ನ ಗಾಡಿಯ ವಯಸ್ಸಿಗೆ ಅನ್ವಯಿಸುವುದೆ? ನೀವು ಹೊತ್ತಿಗೆ ಬಾರದೆ ನಾನೇ ಬೇರೆ ಗಾಡಿ ತರಿಸಿದರೆ ಹಣ ಮರಳಿಸುವಿರಾ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರೆಹದಲ್ಲಿರಲಿ.

ನಾನು ಈ ಪ್ರಶ್ನೆಗಳನ್ನು ಕೇಳಿದೆ. ಎರಡಕ್ಕೆ ಮಾತ್ರ ಸ್ಪಷ್ಟ ಉತ್ತರ ದೊರೆಯಿತು. ಆದುದರಿಂದ ಆ ಸದಸ್ಯತ್ವವನ್ನು ನವೀಕರಿಸುವುದಿಲ್ಲ. ಹುಬ್ಬಳ್ಳಿಯ ದಾರಿಗಾಗಿ ವಿಮೆಯ ಜೊತೆಗಿನ ಅಗ್ಗದ ನೆರವನ್ನು ಸೇರಿಸಿಕೊಂಡಿದ್ದೇನೆ. ಉಳಿದ ಹಣದಲ್ಲಿ ಸವೆದ ಇನ್ನೊಂದು ಬೆಲ್ಟನ್ನು ಬದಲಾಯಿಸಿ, ಸ್ಟೆಪ್ನಿಗೆ ಗಾಳಿ ತುಂಬಿಸಿ, ಕತ್ತಲಲ್ಲಿ ಹೊಳೆಯುವ ಕೆಂಪು ತ್ರಿಕೋನವೊಂದನ್ನು ಕೊಂಡೆ. ಗಜೇಂದ್ರಗಡ, ರೋಣ, ಗದಗ, ಹುಬ್ಬಳ್ಳಿಗಳ ಒಬ್ಬೊಬ್ಬ ಮೇಸ್ತ್ರಿಯ ಫೋನ್ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಗಾಡಿಯಲ್ಲಿಟ್ಟೆ. ಮೊಬೈಲಿನ ಬ್ಯಾಟರಿಯೂ ಕೈ ಕೊಡಬಹುದಷ್ಟೆ. ಅವ್ವನ ಚೀಲದಲ್ಲಿ ಒಂದು ಬಿಸ್ಕೀಟಿನ ಪೊಟ್ಟಣವೂ ಇರುತ್ತದೆ.

ಇದೆಲ್ಲವನ್ನೂ ನೋಡುತ್ತ ಕುಳಿತಿದ್ದ ಅವ್ವ ಕೇಳಿದಳು: ‘ಹಗ್ಗ ತಂದಿಯೇನು?’

‘ಅದ್ಯಾಕಬೇ? ನಮ್ಮ ಕಾರು ಯಾರನ್ನ ಎಳೀತೈತಿ?’

‘ನಮ್ಮ ಕಾರು ಎಳೀಲಿಕ್ಕರ ಬಿಡು. ಯಾರದರ ಗಾಡಿ ನಿಂತಿರತೈತಿ, ಎಳಿಯಾಂವ ಬರತಾನ, ಆದರ ಅವರ ಕಡೆ ಹಗ್ಗ ಇರೂದಿಲ್ಲ.’

ಮರುದಿನ ಗಜೇಂದ್ರಗಡದ ಪೇಟೆಯಲ್ಲಿ ಗಟ್ಟಿಯಾದೊಂದು ಹಗ್ಗವನ್ನು ಕೊಂಡುತಂದೆ.